ಯಾರೂ ಸಾಯದೆ ಬಿಟ್ಟ ಮನೆ

ನಮ್ಮಣ್ಣ ಗೋಡೆ ಮುಟ್ಟಿ ನೋಡುತ್ತಿದ್ದ ರೀತಿಯನ್ನು ಮೊದಲು ಹೇಳಬೇಕು. ಜ್ವರ ಬಂದ ಕೂಸಿನ ಹಣೆಗೆ ಕೈ ಮಗುಚಿ ಇಡುತ್ತಾರಲ್ಲ, ಹಾಗೆ. ಬೆಳಿಗ್ಗೆ ಎದ್ದವನೇ ಮುಖ ಕೂಡ ತೊಳೆಯದೆ ಪಡಸಾಲೆಯ ಗೋಡೆಗೆ ಕೈ ಮಗುಚಿ ಇಟ್ಟು ನಿಲ್ಲುತ್ತಿದ್ದ. ಆಮೇಲೆ ಕೈಯನ್ನು ಒಂದಿಷ್ಟು ಮೇಲಕ್ಕೆ ಸರಿಸಿ ಮತ್ತೆ ನಿಲ್ಲುತ್ತಿದ್ದ. ಒಲೆಯ ಮುಂದೆ ಕೂತ ವೈನಿ, ಅಂದರೆ ಅವನ ಹೆಂಡತಿ, ಅಲ್ಲಿಂದಲೇ ಕೇಳುತ್ತಿದ್ದಳು.

"ಹ್ಯಾಂಗೈತ್ರಿ?"

"ನಿನ್ನಿ ಇದ್ದಂಗ ಐತಿ."

ನಿನ್ನೆ ಇದ್ದ ಹಾಗೆ ಇರುತ್ತಿರಲಿಲ್ಲ. ಹಸಿಯ ಗೆರೆ ಮೊಣಕಾಲು ದಾಟಿ ತೊಡೆಯ ಮಟ್ಟಕ್ಕೆ ಬಂದಿತ್ತು. ಗೆರೆಯ ಕೆಳಗೆ ಮಣ್ಣು ಕಪ್ಪಗೆ, ಮೇಲೆ ಬಿಳಿಯ ಉಪ್ಪು. ನಾನು ಲಿಂಗಸುಗೂರಿನಲ್ಲಿ ಬಾಡಿಗೆ ಮನೆಯಲ್ಲಿದ್ದು ಪಾಠ ಹೇಳುವವನು. ಭಾನುವಾರ ಮಸ್ಕಿಗೆ ಬಂದು, ಅಲ್ಲಿ ಬಳಗಾನೂರಿನ ಕಡೆಯ ಬಸ್ಸು ಹಿಡಿದು ಊರಿಗೆ ಬರುತ್ತಿದ್ದೆ. ವಾರಕ್ಕೊಮ್ಮೆ ನೋಡುವವನಿಗೆ ಗೆರೆ ಏರಿದ್ದು ಕಾಣುತ್ತದೆ. ದಿನಾ ನೋಡುವವನಿಗೂ ಕಾಣುತ್ತಿತ್ತು ಎಂದು ಈಗ ಅನಿಸುತ್ತದೆ. ಅವನು ಹೇಳುತ್ತಿರಲಿಲ್ಲ, ಅಷ್ಟೇ.

ನಮ್ಮ ಓಣಿ ಇದ್ದದ್ದು ಊರಿನ ಕುಡಿಯುವ ನೀರಿನ ಕೆರೆಯ ಒಡ್ಡಿನ ಕೆಳಗೆ. ಕೆನಾಲಿಗೆ ನೀರು ಬಿಟ್ಟಾಗ ಕೆರೆ ತುಂಬಿಸಿಕೊಳ್ಳುತ್ತಾರೆ. ಕೆರೆ ತುಂಬಿದರೆ ಒಡ್ಡಿನ ಬುಡದಿಂದ ನಮ್ಮ ಮನೆಗಳ ನೆಲಕ್ಕೆ ಸದ್ದಿಲ್ಲದೆ ನೀರು ಬರುತ್ತದೆ. ಮೇಲಿನಿಂದ ಸೋರಿದರೆ ಬೊಗಸೆ ಒಡ್ಡಬಹುದು, ಕೆಳಗಿನಿಂದ ಬರುವ ನೀರಿಗೆ ಏನು ಒಡ್ಡುವುದು? ಸುತ್ತ ಎಲ್ಲ ನೆಲ್ಲಿನ ಗದ್ದೆ. ನೀರು ಬಂದಿದ್ದಕ್ಕೇ ಊರು ಉಂಡಿದೆ, ಆದ್ದರಿಂದ ನೀರನ್ನು ಬೈಯುವ ಹಾಗೂ ಇಲ್ಲ. ಆ ಮಳೆಗಾಲದಲ್ಲಿ ಎದುರು ಮನೆಯ ಕಾಕಾನ ಹಿಂದಿನ ಗೋಡೆ ಹಾಡುಹಗಲೇ ಕೂತುಬಿಟ್ಟಿತು. ಬಿತ್ತು ಅನ್ನುವುದಕ್ಕಾಗುವುದಿಲ್ಲ. ದಣಿದ ದನ ಮೊಣಕಾಲೂರುವ ಹಾಗೆ ಮೆತ್ತಗೆ ಕೂತಿತು. ಒಳಗೆ ಕಟ್ಟಿದ್ದ ಆಡು ಸತ್ತಿತು.

ಅಂದಿನಿಂದ ಅಣ್ಣ ತಾನು ಮಲಗುವ ಹೊರಸನ್ನು ಹಸಿ ಗೋಡೆಯ ಬದಿಗೆ ಹಾಕಿಕೊಂಡ. ಒಣ ಬದಿಯನ್ನು ವೈನಿಗೂ ಜೋಳದ ಚೀಲಗಳಿಗೂ ಕೊಟ್ಟ. ಕೆಲವೇ ದಿನಗಳಲ್ಲಿ ಅವನಿಗೆ ಕೆಮ್ಮು ಹತ್ತಿತು.

ಪಂಚಾಯಿತಿಯವರು ಹೇಳಿದ್ದು ಸರಳವಾಗಿತ್ತು. ಓಣಿಯವರು ಹಳೇ ಮನೆ, ಜಾಗ ಬಿಟ್ಟುಕೊಟ್ಟರೆ ರಸ್ತೆಯ ಹತ್ತಿರದ ಮಡ್ಡಿಯ, ಅಂದರೆ ಎತ್ತರದ ಗಟ್ಟಿ ನೆಲದ, ಮೇಲೆ ಪ್ಲಾಟು ಕೊಡುತ್ತಾರೆ. ಮನೆ ಕಟ್ಟಲು ನೆರವು ಕೊಡುತ್ತಾರೆ. ಹಳೇ ಓಣಿಯನ್ನು ಕೆರೆಗೆ ಸೇರಿಸಿ ಅಗಲ ಮಾಡುತ್ತಾರೆ. ಒತ್ತಾಯವಿಲ್ಲ. ಆದರೆ ಒಂದು ಮನೆ ಒಲ್ಲೆ ಅಂದರೂ ಕೆಲಸ ನಿಲ್ಲುತ್ತದೆ, ಯಾಕೆಂದರೆ ನಡುವೆ ಒಂದು ಮನೆ ಬಿಟ್ಟು ಕೆರೆ ತೋಡಲಿಕ್ಕಾಗುವುದಿಲ್ಲ. ಒತ್ತಾಯವಿಲ್ಲ ಎಂಬ ಮಾತು ಎಂಥ ಒತ್ತಾಯ ಎಂದು ಆಗ ನನಗೆ ಹೊಳೆಯಲಿಲ್ಲ.

ಮನೆ ಮನೆಗೆ ಕೇಳಿಕೊಂಡು ಬಂದವಳು ಮೈಸೂರು ಕಡೆಯ ಹುಡುಗಿ. ಕೈಯಲ್ಲೊಂದು ಟ್ಯಾಬು. ಬಿಸಿಲಿಗೆ ಮುಖ ಕೆಂಪಗಾಗಿತ್ತು. ಅವತ್ತು ನಾನು ಮನೆಯಲ್ಲಿದ್ದೆ. ವೈನಿ ಅವಳಿಗೆ ಮಜ್ಜಿಗೆ ಕೊಟ್ಟು ಕೂರಿಸಿದಳು.

"ಅಮ್ಮಾ, ನೀವು ಈ ಮನೆ ಬಿಡೋಕೆ ಒಪ್ತೀರಾ?"

"ಬಿಡ್ತೀವಿ ಬೇ ಯವ್ವಾ. ಬಿಡು ಅಂದ ಮ್ಯಾಲ ಬಿಡಬೇಕಲ್ಲ. ಎಷ್ಟು ತಿಂಗಳಾ?"

ಹುಡುಗಿ ಅಣ್ಣನ ಮುಖ ನೋಡಿದಳು. ಅಣ್ಣ ಹೊರಗೆ ಕೋಳಿ ಓಡಿಸಲು ಎದ್ದು ಹೋದ. ನಾನು ನಕ್ಕೆ. ಹುಡುಗಿಯೂ ನಕ್ಕು ಟ್ಯಾಬಿನಲ್ಲಿ ಏನೋ ಒತ್ತಿ, ಮಜ್ಜಿಗೆ ಮುಗಿಸಿ, ಮುಂದಿನ ಮನೆಗೆ ಹೋದಳು.

ನಮ್ಮ ಕಡೆ "ಮನಿ ಬಿಡೋದು" ಎಂದರೆ ಒಂದೇ ಅರ್ಥ. ಮನೆಯಲ್ಲಿ ಯಾರಾದರೂ ಕೆಟ್ಟ ನಕ್ಷತ್ರದಲ್ಲಿ ತೀರಿಕೊಂಡರೆ ಅಯ್ಯನೋರು ಪಂಚಾಂಗ ನೋಡಿ ಇಷ್ಟು ತಿಂಗಳು ಎನ್ನುತ್ತಾರೆ. ಅಷ್ಟು ತಿಂಗಳು ಮನೆಮಂದಿಯೆಲ್ಲ ಹೊರಗಿರಬೇಕು. ಬಾಗಿಲಿಗೆ ಜಾಲಿಮುಳ್ಳು ಅಡ್ಡ ಇಟ್ಟು ಹೋಗುತ್ತಾರೆ. ಗಡುವು ಮುಗಿದ ಮೇಲೆ ಮುಳ್ಳು ಸರಿಸಿ, ಸಾರಿಸಿ, ದೀಪ ಹಚ್ಚಿ, ಅದೇ ಒಲೆಯಲ್ಲಿ ಮತ್ತೆ ಬೆಂಕಿ ಮಾಡುತ್ತಾರೆ. ಬಿಟ್ಟ ಮನೆ ಎಂದರೆ ತಿರುಗಿ ಬರುವ ಮನೆ. ತಿರುಗಿ ಬಾರದ್ದಕ್ಕೆ ಬೇರೆ ಮಾತಿದೆ, ಹಾಳುಬಿದ್ದ ಮನಿ. ಅದನ್ನು ಯಾರೂ ಬಿಡುವುದಿಲ್ಲ, ಅದು ತಾನಾಗಿ ಬೀಳುತ್ತದೆ.

ಓಣಿಯ ಎಲ್ಲ ಮನೆಯವರೂ ಹೂಂ ಅಂದರು. ಇಷ್ಟು ಬೇಗ ಜನ ಒಪ್ಪಿದ್ದು ಎಲ್ಲಿಯೂ ಇಲ್ಲ ಎಂದು ಪಂಚಾಯಿತಿಯವರಿಗೆ ಆಶ್ಚರ್ಯ. ಎಷ್ಟು ಜನ ವೈನಿಯ ಅರ್ಥದಲ್ಲಿ ಒಪ್ಪಿದ್ದರು, ಎಷ್ಟು ಜನ ಹುಡುಗಿಯ ಅರ್ಥದಲ್ಲಿ, ನನಗೆ ಗೊತ್ತಿಲ್ಲ. ಗಂಡಸರಿಗೆ ಗೊತ್ತಿತ್ತು. ಅಣ್ಣನಿಗೂ ಗೊತ್ತಿತ್ತು. ಇಲ್ಲದಿದ್ದರೆ ಆ ಕೋಳಿ ಓಡಿಸಲು ಎದ್ದು ಹೋಗುವ ಅಗತ್ಯವಿರಲಿಲ್ಲ. ಕೋಳಿ ಬಂದಿತ್ತೋ ಇಲ್ಲವೋ, ಅದೂ ನನಗೆ ಈಗ ಖಾತ್ರಿ ಇಲ್ಲ.

ನಮ್ಮ ಮನೆಯನ್ನು ಒಮ್ಮೆ ಹಾಗೆ ಬಿಟ್ಟಿದ್ದೆವು, ಅಪ್ಪ ತೀರಿಕೊಂಡಾಗ. ನಾನಿನ್ನೂ ಶಾಲೆಗೆ ಹೋಗುತ್ತಿದ್ದೆ. ವೈನಿ ಆ ವರ್ಷವೇ ಮದುವೆಯಾಗಿ ಬಂದಿದ್ದಳು, ಕೈಯ ಹಸಿರು ಬಳೆ ಕೂಡ ಹಳೆಯದಾಗಿರಲಿಲ್ಲ. ಹೊಲದ ಗುಡಿಸಲಿನಲ್ಲಿ ಇದ್ದೆವು. ಅವ್ವ ಬಾಗಿಲಿಗೆ ಮುಳ್ಳು ಇಡುವಾಗ ಬೆರಳಿಗೆ ಚುಚ್ಚಿ ರಕ್ತ ಬಂದದ್ದು ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಅಣ್ಣ ಹೇಳುತ್ತಾನೆ, ಮುಳ್ಳು ಇಟ್ಟವನು ತಾನು, ಅವ್ವ ಆಗಲೇ ಬಂಡಿ ಹತ್ತಿದ್ದಳು ಎಂದು. ಹಾಗಿದ್ದರೆ ನಾನು ನೋಡಿದ ರಕ್ತ ಯಾರದು? ಇಂಥ ಕಡೆ ನಾನು ನನ್ನನ್ನು ನಂಬುವುದಿಲ್ಲ. ಕಣ್ಣಿಗೆ ಕಟ್ಟಿದ ಹಾಗೆ ಇರುವುದನ್ನೇ ಮೊದಲು ಅನುಮಾನಿಸಬೇಕು ಎಂದು ಕಲಿತಿದ್ದೇನೆ.

ಆದರೆ ಗುಡಿಸಲಿನಲ್ಲಿ ಕೇಳಿದ ಒಂದು ಮಾತಿನ ಬಗ್ಗೆ ಅನುಮಾನವಿಲ್ಲ. ನೋಡಲು ಬಂದ ಹೆಂಗಸರ ಗುಂಪಿನಿಂದ ಬಂದ ಮಾತು. "ಸೊಸಿ ಕಾಲಗುಣ ನೋಡ್ರಿ. ಹೊಸ್ತಿಲಾ ತುಳದ್ಳು, ಮಾವನ್ನ ಮಣ್ಣಿಗಿ ಕಳಿಸಿದ್ಳು." ಹೇಳಿದವರು ಯಾರೆಂದು ನೆನಪಿಲ್ಲ. ಆ ದನಿ ಒಮ್ಮೆ ಅವ್ವನದಾಗುತ್ತದೆ, ಒಮ್ಮೆ ಯಾರೋ ದೊಡ್ಡಮ್ಮನದು. ವೈನಿ ಅಲ್ಲೇ ಜೋಳ ಕೇರುತ್ತಿದ್ದಳು. ಅವಳ ಮೊರ ನಿಂತಿತೇ? ನಿಂತಿತು ಎಂದು ಬರೆದರೆ ಚೆನ್ನಾಗಿರುತ್ತದೆ. ನಾನು ಅವಳ ಕಡೆ ನೋಡಲಿಲ್ಲ, ಹಾಗಾಗಿ ಬರೆಯುವುದಿಲ್ಲ.

ಈಗ ಮುಂದಿನದು. ಮಡ್ಡಿಯ ಮೇಲೆ ಕಲ್ಲು ನೆಟ್ಟು ಪ್ಲಾಟು ಗುರುತು ಮಾಡಿದರು. ಯಾರಿಗೆ ಯಾವುದು ಎಂದು ಚೀಟಿ ಎತ್ತಿದರು. ಎದುರು ಮನೆಯ ಕಾಕಾ ಮರುದಿನವೇ ಹಾರೆ ತಂದು ತನ್ನ ಮನೆಯ ಬಾಗಿಲ ಚೌಕಟ್ಟು ಕೀಳಲು ನಿಂತ. ಸಾಗುವಾನಿ ಚೌಕಟ್ಟು, ಅವನ ಅಜ್ಜ ಹಾಕಿಸಿದ್ದು. ವೈನಿ ಕಸದ ಬುಟ್ಟಿ ಹಿಡಿದು ಹೊರಗೆ ಬಂದವಳು ನಿಂತಳು.

"ಮಾವಾ, ಚೌಕಟ್ಟ ಯಾಕ ಕೀಳಾಕತ್ತೀರಿ?"

"ಮತ್ತ ಇಲ್ಲೇ ಬಿಡ್ಲೇನು?"

"ತಿರುಗಿ ಬಂದಾಗ ಬಾಗಲಾ ಎಲ್ಲಿಗಿ ಹಚ್ತೀರಿ?"

ಕಾಕಾ ಹಾರೆ ಊರಿಕೊಂಡು ಜೋರಾಗಿ ನಕ್ಕ. "ತಿರುಗಿ ಬರೋದ? ಏ ಹುಚ್ಚಿ, ಇನ್ನ ಇಲ್ಲಿ ಮೀನ ಬಾಳೇವು ಮಾಡ್ತಾವ. ನೀ ಬರೋದಾದ್ರ ಈಜ ಕಲ್ಕೊಂಡ ಬಾ."

ಇದನ್ನು ಕಾಕಾನೇ ಆಮೇಲೆ ಊರೆಲ್ಲ ಹೇಳಿಕೊಂಡು ನಕ್ಕ. ವೈನಿ ಏನೆಂದಳು ಎಂಬುದನ್ನು ಮಾತ್ರ ಅವನು ನಗದೆ ಹೇಳಿದ. ಅವಳು ಬುಟ್ಟಿಯನ್ನು ತಿಪ್ಪೆಗೆ ಒಯ್ಯದೆ ಅಲ್ಲೇ ಇಳಿಸಿ ಕೇಳಿದಳಂತೆ, "ಹಂಗಾರ ಯಾರ ಸತ್ತಾರಂತ ಮನಿ ಬಿಡಬೇಕು?"

ಅವತ್ತಿನಿಂದ ಅವಳು ಒಲ್ಲೆ ಅಂದಳು.

ಅಣ್ಣ ಫೋನು ಮಾಡಿದ. "ನೀನರ ಬಂದ ಹೇಳು ಮಾರಾಯಾ. ನನ್ನ ಮಾತ ಕೇಳಾಕತ್ತಿಲ್ಲ." ಹಿಂದೆ ಕೆಮ್ಮು. ನಾನು ಮುಂದಿನ ಬಸ್ಸಿಗೆ ಹೋದೆ, ಒಡ್ಡಿನ ಕೆಳಗೆ ಗೋಡೆ ಇನ್ನೂ ನಿಂತಿದೆಯೋ ಇಲ್ಲವೋ ಎಂದು ಮಸ್ಕಿಯಿಂದಲೇ ಕುತ್ತಿಗೆ ಉದ್ದ ಮಾಡುತ್ತ. ಅಲ್ಲಿಂದ ಊರು ಕಾಣುವುದಿಲ್ಲ ಎಂದು ಗೊತ್ತಿದ್ದೂ.

ವೈನಿ ಕಾರಣಗಳನ್ನು ಹೇಳಿದಳು. ಮಡ್ಡಿಯ ಮೇಲೆ ತಿಪ್ಪೆಗೆ ಜಾಗವಿಲ್ಲ. ಎಮ್ಮೆಯನ್ನು ಎಲ್ಲಿ ಕಟ್ಟುವುದು? ನಾನು ಪಂಚಾಯಿತಿಗೆ ಹೋಗಿ ಕೇಳಿ ಬಂದೆ. ಹಿಂದೆ ಸರ್ಕಾರಿ ಜಾಗವಿದೆ, ತಿಪ್ಪೆ ಹಾಕಿಕೊಳ್ಳಬಹುದು ಎಂದರು. ಹಾಗಾದರೆ ಬಿಸಿಲು. ಮಡ್ಡಿಯ ಮೇಲೆ ಒಂದು ಗಿಡವಿಲ್ಲ. ಬೇವು ಹಚ್ಚಿದರೆ ಬರುತ್ತದೆ ಎಂದೆ. ಹಾಗಾದರೆ ಬಾಜೂ ಮನೆ. "ಚೀಟಿ ಎತ್ತಿ ಕೊಟ್ಟಾರ. ನಮ್ಮ ಬಾಜೂಕ ಯಾರ ಬರ್ತಾರ ಏನ ಕತಿ." ಈ ಮಾತಿನೊಳಗೆ ಏನಿತ್ತು ಎಂದು ಅವಳಿಗೂ ಗೊತ್ತು, ನನಗೂ ಗೊತ್ತು. ನಮ್ಮ ಓಣಿಯಲ್ಲಿ ಎಲ್ಲರೂ ಒಂದೇ ಪೈಕಿ. ಚೀಟಿಗೆ ಪೈಕಿ ಗೊತ್ತಿಲ್ಲ. ಇಬ್ಬರೂ ನಾಚಿಕೆಯಿಂದ ಎಮ್ಮೆಯ ಕಡೆ ನೋಡಿದೆವು.

ಅವಳ ತಂಗಿಯನ್ನು ಹಟ್ಟಿಗೆ ಕೊಟ್ಟಿದೆ. ಗಂಡ ಅಲ್ಲಿನ ಚಿನ್ನದ ಗಣಿಯಲ್ಲಿ ಪಾಳಿ ಕೆಲಸದವನು, ಕಂಪನಿಯ ಮನೆ. ಅವಳೂ ಬಂದು ಹೇಳಿದಳು. "ನಮ್ದೂ ಮನಿನಾ ಅಕ್ಕಾ. ಡ್ಯೂಟಿ ಇರೋತನಾ ಇರ್ತೀವಿ, ಮುಗದ ದಿನಾ ಚಾವಿ ಕೊಟ್ಟ ಬರ್ತೀವಿ. ಗ್ವಾಡಿಗಿ ಮನಸ ಹಚ್ಚಿದ್ರ ಗ್ವಾಡಿ ಏನ ಅನ್ನ ಹಾಕ್ತೈತಿ?"

"ನೀ ಚಾವಿ ಕೊಡೋ ಮನಿಗಿ ಹೋಗೀದಿ. ನನಗ ಹೊಸ್ತಿಲ ಮ್ಯಾಲಿನ ಸೇರ ಒದಿಸಿ ಮನಿ ತುಂಬಿಸಿಕೊಂಡಾರ" ಎಂದಳು ವೈನಿ. ತಂಗಿ ಸಿಟ್ಟು ಮಾಡಿಕೊಂಡು ಊಟ ಮಾಡದೆ ಹೋದಳು.

ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪಿನ, ನೆಲ್ಲು ಕೊಯ್ಯುವ ಮಿಷನ್ನಿನ ಮಾಲಕನೂ ಬಾಗಿಲಲ್ಲಿ ನಿಂತು ಅರ್ಧ ತೆಲುಗಿನಲ್ಲಿ ಬುದ್ಧಿ ಹೇಳಿದ. "ಅಕ್ಕಾ, ಮಾ ತಾತ ಊರೇ ಬಿಟ್ಟು ಈ ಕಡೆ ಬಂದ. ನೀವು ರಸ್ತೆ ದಾಟೋಕೆ ಇಷ್ಟು ಅಳ್ತೀರಿ."

"ನಿಮ್ಮ ತಾತ ಗಂಡಸಪ್ಪಾ. ಅವನ ಕಾಲಗುಣ ಯಾರ ನೋಡಿದ್ರು?"

ನನಗೆ ಅಲ್ಲೇ ತಿಳಿಯಬೇಕಿತ್ತು. ತಿಳಿಯಲಿಲ್ಲ. ಅದೊಂದು ಚುರುಕು ಉತ್ತರ ಎಂದು ಎಲ್ಲರ ಜೊತೆ ನಾನೂ ನಕ್ಕೆ.

ಓಣಿಯವರ ಮುಖ ಗಂಟಾಗುತ್ತಾ ಬಂತು. ಅವರು ತೊಲೆ, ಜಂತಿ ಕಿತ್ತು ಮಡ್ಡಿಗೆ ಸಾಗಿಸಿ, ಹಳೇ ಗೋಡೆಗಳ ಮೇಲೆ ತಾಡಪತ್ರಿ ಹೊದಿಸಿಕೊಂಡು ಇದ್ದರು. ಮಾಳಿಗೆ ಇಲ್ಲದ ಮನೆಗಳ ನಡುವೆ ನಮ್ಮದೊಂದು ಇಡಿಯಾಗಿ ನಿಂತಿತ್ತು. ಒಂದು ಸಂಜೆ ಗಂಡಸರು ಕಟ್ಟೆಗೆ ಬಂದು ಕೂತರು. ಅಣ್ಣನಿಗೆ ಹೇಳುವ ನೆಪದಲ್ಲಿ ಒಳಗಿನವಳಿಗೆ ಕೇಳುವ ಹಾಗೆ ಮಾತಾಡಿದರು.

"ಒಂದ ಹೆಣ್ಣಿನ ಸಲುವಾಗಿ ಇಡೀ ಓಣಿ ಕೆಸರಾಗ ಕುಂದರಬೇಕೇನಪಾ?"

"ಗ್ವಾಡಿ ಬಿದ್ದ ಮ್ಯಾಲ ಒಪ್ತಾಳ ತಗೋ. ಕೆಳಗ ಯಾರ ಇರ್ತಾರೋ ಶಿವನ ಬಲ್ಲ."

ಕೊನೆಯ ಮಾತು ಅಂದವನು ಕೆಟ್ಟವನಲ್ಲ. ಅಂದ ಮೇಲೆ ತಾನೇ ನಾಲಿಗೆ ಕಚ್ಚಿಕೊಂಡ. ಒಳಗೆ ರೊಟ್ಟಿ ಬಡಿಯುವ ಸದ್ದು ನಡೆದೇ ಇತ್ತು, ಒಂದು ಹೊಡೆತ ಕೂಡ ತಪ್ಪದೆ.

ಆ ವಾರ ಕೆನಾಲಿಗೆ ನೀರು ಬಿಟ್ಟರು.

ಮತ್ತೆ ಅಣ್ಣನ ಫೋನು ಬಂದಾಗ ಗೋಡೆ ಬಿತ್ತೆಂದೇ ತಿಳಿದೆ. ಆದರೆ ಅವನ ದನಿಯಲ್ಲಿ ಹಬ್ಬವಿತ್ತು. "ಹೋಗ್ಯಾಳ!" ಎಂದ. ಬೆಳಿಗ್ಗೆ ಎದ್ದು, ಯಾರಿಗೂ ಹೇಳದೆ, ಎಮ್ಮೆ ಹೊಡೆದುಕೊಂಡು, ತಲೆಯ ಮೇಲೆ ಹಿಟ್ಟಿನ ಡಬ್ಬಿ ಇಟ್ಟುಕೊಂಡು ಮಡ್ಡಿಗೆ ಹೋಗಿದ್ದಾಳೆ. ನಮ್ಮ ಪ್ಲಾಟಿನಲ್ಲಿ ತಗಡು ನಿಲ್ಲಿಸಿ ಒಲೆ ಹೂಡಿದ್ದಾಳೆ. ಇಡೀ ಓಣಿಯಲ್ಲಿ ಅಲ್ಲಿ ಹೋಗಿ ಇರತೊಡಗಿದವರಲ್ಲಿ ಅವಳೇ ಮೊದಲಿಗಳು. ಉಳಿದವರು ಮರ ಸಾಗಿಸಿದ್ದರೇ ಹೊರತು ತಾವು ಹೋಗಿರಲಿಲ್ಲ. ಪಂಚಾಯಿತಿಯವರು ಬಂದು ಅವಳ ಫೋಟೋ ತೆಗೆದುಕೊಂಡರಂತೆ. ಎಲ್ಲರಿಗಿಂತ ಹೆಚ್ಚು ಮನಸ್ಸಿದ್ದವಳು ಇವಳೇ ಎಂದು ಯಾವನೋ ಸಾಹೇಬ ಹೊಗಳಿದನಂತೆ.

ನಾನು ಹೋದಾಗ ಅವಳು ತಗಡಿನ ನೆರಳಿನಲ್ಲಿ ಕೂತಿದ್ದಳು. ತಗಡಿನ ನೆರಳು ತಗಡಿಗಿಂತ ಬಿಸಿ. ಮೂರು ಕಲ್ಲಿನ ಒಲೆ, ಒಂದು ಕೊಡ, ಎಮ್ಮೆ. ಮುಖ ನೋಡಿದರೆ ಒಪ್ಪಿಕೊಂಡವಳ ಮುಖ ಅಲ್ಲ, ಏನನ್ನೋ ಕಾಯುವವಳ ಮುಖ.

"ಚೊಲೋ ಆತು ಬಿಡು ವೈನಿ" ಎಂದೆ. "ಅಣ್ಣಾ ಎಂದ ಬರ್ತಾನ?"

"ಅಮಾಸಿ ದಾಟೋತನಾ ಬರಬ್ಯಾಡ ಅಂತ ಹೇಳು."

"ಯಾಕ?"

ಅವಳು ಒಲೆಗೆ ಕಟ್ಟಿಗೆ ತುರುಕಿದಳು. ಒಲೆಯಲ್ಲಿ ಬೆಂಕಿಯೇ ಇರಲಿಲ್ಲ.

"ಸತ್ತ ಮ್ಯಾಲ ಮನಿ ಬಿಡ್ತಾರ ತಮ್ಮಾ. ನಾವು ಬಿಟ್ಟ ಮ್ಯಾಲ ಸಾಯೋದ ಬಾಕಿ ಐತಿ. ಅದು ಸುಮ್ನ ಬಿಡಂಗಿಲ್ಲ, ಹಿಂದ ಬರ್ತೈತಿ. ನಾ ಮುಂದ ಬಂದೀನಿ. ಬರೋದಿದ್ರ ನನ್ನ ನೋಡ್ಲಿ. ನಿಮ್ಮಣ್ಣಗ ಮೊದ್ಲ ಕೆಮ್ಮ ಐತಿ."

"ಯಾರ ಹೇಳಿದ್ರು ಇದನ್ನ?"

"ಯಾರ ಹೇಳಬೇಕು? ಒಂದ ಸಲ ಮನಿ ಬಿಟ್ಟ ಬಂದೀನಲ್ಲ ನಾನು. ನಮ್ಮಪ್ಪನ ಮನಿ. ಆವಾಗ ಏನಾತು ನಿನಗ ಗೊತ್ತಿಲ್ಲೇನು?"

ಗೊತ್ತಿತ್ತು. ಗುಡಿಸಲಿನ ಮಾತು ಅವಳೂ ಕೇಳಿದ್ದಳು, ಇಷ್ಟು ವರ್ಷ ಹೊತ್ತುಕೊಂಡೇ ರೊಟ್ಟಿ ಬಡಿದಿದ್ದಳು. ಊರ ನಂಬಿಕೆ ಇದಲ್ಲ. ಬಿಟ್ಟ ಮೇಲೆ ಸಾವು ಹಿಂಬಾಲಿಸುತ್ತದೆ ಎಂದು ನಮ್ಮಲ್ಲಿ ಯಾರೂ ಹೇಳುವುದಿಲ್ಲ. ಅವಳೊಬ್ಬಳೇ ಕೂತು ಕಟ್ಟಿದ್ದು. ಆದರೆ ಅದರ ಒಂದೊಂದು ಕಲ್ಲೂ ನಮ್ಮ ಮನೆಯದು.

ಆಗ ನನಗೆ ಭಯ ಹತ್ತಿದ್ದು ಬೇರೆ ಲೆಕ್ಕದಿಂದ. ಅವಳು ಅವನನ್ನು ಉಳಿಸಬೇಕೆಂದು ಎಲ್ಲಿ ಬಿಟ್ಟು ಬಂದಿದ್ದಾಳೆ? ಕೆನಾಲು ತುಂಬಿ ಹರಿಯುವ ವಾರ, ಹಸಿ ಗೋಡೆಯ ಬುಡದಲ್ಲಿ. ಕೆಳಗೆ ಕೆರೆಯ ನೀರು ಬಿಸಿಲಿಗೆ ಬಿಳಿಯಾಗಿ ಒಡ್ಡಿನ ಅಂಚಿನ ತನಕ ನಿಂತದ್ದು ಮಡ್ಡಿಯಿಂದ ಕಾಣುತ್ತಿತ್ತು. ನಮ್ಮ ಮಾಳಿಗೆಯೂ ಕಾಣುತ್ತಿತ್ತು. ನೋಡುತ್ತಲೇ ಇಳಿದೆ. ರೆಪ್ಪೆ ಬಡಿದರೆ ಅಷ್ಟರಲ್ಲಿ ಕೂತುಬಿಟ್ಟೀತು ಎಂಬಂತೆ.

ಅಣ್ಣ ಒಳಗೆ ನೆಲಕ್ಕೆ ಹೊಟ್ಟಿನ ಬೂದಿ ಹರಡುತ್ತಿದ್ದ. ರೈಸ್ ಮಿಲ್ಲಿನಿಂದ ತಂದ ಬೂದಿ, ಹಸಿ ಹೀರಲಿ ಎಂದು. ನಾನು ಎಲ್ಲವನ್ನೂ ಹೇಳಿದೆ. ಹೇಳಬಾರದಿತ್ತೇನೋ, ಅವಳು ಹೇಳು ಅಂದದ್ದು ಅಮಾವಾಸ್ಯೆಯ ಮಾತು ಮಾತ್ರ. ಕಾಲಗುಣದ ವಿಷಯ ಬಂದಾಗ ಅವನು ಬೂದಿ ಹರಡುವುದನ್ನು ನಿಲ್ಲಿಸಲಿಲ್ಲ.

"ಆ ಮಾತ ನೀನೂ ಕೇಳಿದ್ದೇನು?" ಎಂದ.

"ಕೇಳೀನಿ. ಯಾರ ಅಂದ್ರು ನೆನಪಿಲ್ಲ."

"ನನಗ ನೆನಪೈತಿ" ಎಂದ. ಯಾರೆಂದು ಹೇಳಲಿಲ್ಲ. ಕೈ ಕೊಡವಿಕೊಂಡು ಎದ್ದು, "ಅಕಿ ಉಂಡಾಳೇನು?" ಎಂದ.

"ಒಲಿಗಿ ಬೆಂಕಿ ಇರ್ಲಿಲ್ಲ."

ಅವನು ಹೊರಸನ್ನು ತಲೆಯ ಮೇಲೆ ಹೊತ್ತುಕೊಂಡ. ಬಾಗಿಲ ಹೊರಗೆ ಬಂದು ಒಂದು ಗಳಿಗೆ ತಬ್ಬಿಬ್ಬಾಗಿ ನಿಂತ. ಹೇಗೆ ಮುಚ್ಚುವುದೆಂದು ಅವನಿಗೆ ತಿಳಿಯದ ಹಾಗಿತ್ತು. ಮುಳ್ಳು ಇಡಲು ಯಾರೂ ಸತ್ತಿಲ್ಲ. ಬೀಗ ಹಾಕಲು, ಜೋಳದ ಚೀಲ ಖಾಲಿಯಾದ ಮೇಲೆ, ಒಳಗೆ ಬೂದಿ ಬಿಟ್ಟರೆ ಏನಿಲ್ಲ. ಕೊನೆಗೆ ನನಗೆ, "ಬಾಗಲಾ ಮುಂದ ಮಾಡಿ ಬಾ" ಎಂದು, ಹೊರಸಿನ ಕಾಲು ಆಕಾಶಕ್ಕೆ ಚಾಚಿಕೊಂಡು ನಡೆದ. ನಾನು ಬಾಗಿಲು ಎಳೆದುಕೊಂಡೆ. ಹೊಲಕ್ಕೆ ಹೋಗುವಾಗ ಎಳೆದುಕೊಳ್ಳುವ ಹಾಗೆ.

ಅವನನ್ನು ಕಂಡು ವೈನಿ ಮಡ್ಡಿಯ ಮೇಲಿಂದಲೇ ಕೂಗಿದಳು. ಓಣಿಯವರೆಲ್ಲ ನಿಂತು ನೋಡಿದರು.

"ಬರಬ್ಯಾಡ ಅಂದಿಲ್ಲೇನ್ರಿ ನಾನು? ಯಾಕ ಬಂದ್ರಿ?"

"ಹಸಿವಾಗೈತಿ."

"ಅಲ್ಲೇ ಉಣಬೇಕಿತ್ತು!"

"ಹಿಟ್ಟಿನ ಡಬ್ಬಿ ನೀ ತಂದೀದಿ."

ಜನ ನಕ್ಕರು. ಇಬ್ಬರೂ ಮುನಿಸಿಕೊಂಡು ಒಬ್ಬರ ಹಿಂದೆ ಒಬ್ಬರು ಬಂದ ಎಳೆ ಜೋಡಿ ಎಂದು ಯಾರೋ ಹಾಸ್ಯ ಮಾಡಿದರು. ವೈನಿ ನಗಲಿಲ್ಲ. ಅವನು ಹೊರಸು ಇಳಿಸಿದ ಜಾಗದಿಂದ ಅದನ್ನು ತಗಡಿನ ಒಳಬದಿಗೆ ಎಳೆದು, ತಾನು ಹೊರಗಿನ ಬದಿಗೆ ಚಾಪೆ ಹಾಸಿಕೊಂಡಳು.

ಅಮಾವಾಸ್ಯೆ ಬಂದು ಹೋಯಿತು. ಜೆಸಿಬಿ ಬಂದ ದಿನ ನಾನು ಊರಲ್ಲಿರಲಿಲ್ಲ. ಹಾಗಾಗಿ ಆ ದಿನದ ಬಗ್ಗೆ ಬರೆಯಲು ನನ್ನ ಹತ್ತಿರ ಏನೂ ಇಲ್ಲ. ಕಾಕಾ ಹೇಳಿದ್ದು ಒಂದೇ ಮಾತು. ಉಳಿದ ಮನೆಗಳು ಮುಟ್ಟಿದರೆ ಬಿದ್ದವು, ನಮ್ಮದರ ಆ ಹಸಿ ಗೋಡೆಯನ್ನು ಮಾತ್ರ ಜೆಸಿಬಿ ಮತ್ತೆ ಮತ್ತೆ ಗುದ್ದಬೇಕಾಯಿತಂತೆ. ಹಾಗಾದರೆ ನಾವು ಹೆದರಿದ್ದೆಲ್ಲ ಸುಳ್ಳೇ? ಇರಬಹುದು. ಅಥವಾ ಕಾಕಾ ನಮ್ಮ ಮನೆತನಕ್ಕೆ ಮರ್ಯಾದೆ ಕೊಡಲು ಹಾಗೆ ಹೇಳಿರಬಹುದು.

ಹೊಸ ಮನೆಗೆ ಗೋಡೆ ಎದ್ದವು. ಸಿಮೆಂಟಿನ ಇಟ್ಟಿಗೆ, ಮೇಲೆ ಸ್ಲ್ಯಾಬು. ಬಾಜೂ ಮನೆಗೆ ಬಂದವರು ಬೇರೆ ಓಣಿಯವರು. ಅವರ ಹೆಣ್ಣುಮಗಳು ಮೊದಲ ದಿನವೇ ಕರಿಬೇವು ಕೇಳಲು ಬಂದಳು. ವೈನಿ ಕೊಟ್ಟಳು. ಇಬ್ಬರೂ ಗೋಡೆಯ ಎರಡು ಬದಿಯಲ್ಲಿ ನಿಂತು ಮಾತಾಡುತ್ತಾರೆ, ಇನ್ನೂ ಯಾರೂ ಒಳಗೆ ಕರೆದಿಲ್ಲ. ಅಣ್ಣನ ಕೆಮ್ಮಿಗೆ ಸಿಂಧನೂರಿನ ಡಾಕ್ಟರು ಔಷಧಿ ಕೊಟ್ಟರು. ಎದೆ ಸ್ವಚ್ಛ ಇದೆ ಎಂದರು. "ಈಗ ಸ್ವಚ್ಛ ಐತಿ" ಎಂದು ವೈನಿ ಆ ಮಾತನ್ನು ತಿದ್ದಿದಳು.

ಮನೆ ಹೊಗುವ ದಿನ ಅಯ್ಯನೋರು ಬಾಗಿಲ ಮುಂದೆ ಮಂಡಲ ಬರೆದು ಕೂತರು. ಹೆಣ್ಣುಮಗಳು ತುಂಬಿದ ಕೊಡ ಹಿಡಿದು ಬಲಗಾಲು ಇಟ್ಟು ಮೊದಲು ಒಳಗೆ ಹೋಗಬೇಕು. ವೈನಿ ಕೊಡ ಎತ್ತಿಕೊಂಡು ಬಂದಳು. ಹೊಸ ಸೀರೆ. ಹೊಸ್ತಿಲ ಹತ್ತಿರ ಬಂದು ನಿಂತಳು.

"ಇಡವ್ವಾ ಕಾಲು" ಎಂದರು ಅಯ್ಯನೋರು.

ಅವಳು ಇಡಲಿಲ್ಲ. ನಾನು ಪಕ್ಕದಲ್ಲಿದ್ದೆ. ಬಾಯಿ ನನ್ನ ಕಡೆ ತಿರುಗಿಸಿ, ಕಣ್ಣು ಹೊಸ್ತಿಲ ಮೇಲೇ ಇಟ್ಟು, ಪಿಸುಗುಟ್ಟಿದಳು. "ತಮ್ಮಾ, ಸೇರ ಒದ್ದ ದಿನಾನೂ ನಾನಾ ಮುಂದ ಹೋಗಿದ್ದೆ. ಮುಂದ ಹೋದಾಕಿಗಿ ಏನೂ ಆಗ್ಲಿಲ್ಲ. ಒಳಗಿದ್ದ ಮಾವ ಹೋದ್ರು."

ನನಗೆ ಅರ್ಥವಾಯಿತು. ಮುಂದೆ ನಡೆದರೆ ಬರುವುದು ತನಗೇ ಬರುತ್ತದೆ ಎಂದು ಇಷ್ಟು ದಿನ ನಂಬಿ ಮಡ್ಡಿಯ ಬಿಸಿಲಿನಲ್ಲಿ ಕೂತವಳಿಗೆ, ಆ ನಂಬಿಕೆ ತಲೆಕೆಳಗಾಗಿ ಕಂಡಿತ್ತು. ಮುಂದೆ ಹೋದರೆ ಅವನಿಗೆ. ಹಿಂದೆ ನಿಂತರೂ ಅವನಿಗೆ. ಕೊಡದ ನೀರು ಅಲುಗಿ ಅವಳ ಕೈಮೇಲೆ ಚೆಲ್ಲಿತು.

"ಗಳಿಗಿ ದಾಟಾಕತ್ತೈತಿ" ಎಂದರು ಅಯ್ಯನೋರು.

ಆಗ ಒಳಗಿನಿಂದ ಅಣ್ಣನ ದನಿ ಬಂತು, "ಸಾಕ ಬಾ."

ಎಲ್ಲರೂ ಒಳಗೆ ಇಣುಕಿದೆವು. ಅವನು ಹೊರಗೆ, ನಮ್ಮ ಹಿಂದೆ, ನಿಂತಿದ್ದಾನೆ ಎಂದೇ ತಿಳಿದಿದ್ದೆವು. ಹಿಂದಿನ ಬಾಗಿಲಿಗೆ ಇನ್ನೂ ಕದ ಕೂಡಿಸಿರಲಿಲ್ಲ. ಅಲ್ಲಿಂದ ಬಂದು ಖಾಲಿ ಕೋಣೆಯ ನಡುವೆ ಸಿಮೆಂಟು ಚೀಲದ ಮೇಲೆ ಕೂತಿದ್ದ.

"ನೀವ್ಯಾವಾಗ ಒಳಗ ಹೋದ್ರಿ?" ವೈನಿ ಕೇಳಿದಳು.

"ಮುಂಜಾನೆನಾ ಬಂದೀನಿ. ಎಮ್ಮಿಗಿ ಮೇವು ಹಾಕಿ ಇಲ್ಲೇ ಕುಂತೀನಿ."

"ಯಾವ ಕಾಲ ಇಟ್ರಿ?"

"ಎರಡೂ ಇಟ್ಟೀನಿ. ಒಂದ ಕಾಲಾಗ ಎಷ್ಟೊತ್ತ ನಿಂದರಲಿ?"

ಅಯ್ಯನೋರು ಪಂಚಾಂಗ ಮುಚ್ಚಿ ನಕ್ಕರು. ಕಾಕಾ ನಕ್ಕ. ವೈನಿ ಹೊಸ್ತಿಲ ಹೊರಗಿನಿಂದಲೇ ಅವನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು, ಕಣ್ಣಿನ ಬಣ್ಣ, ತುಟಿಯ ಬಣ್ಣ, ಎದೆ ಏರಿಳಿಯುವುದನ್ನು. ಅವನು ನೋಡಿಸಿಕೊಂಡು ಕೂತ, ಅಲುಗಾಡದೆ, ಫೋಟೋಕ್ಕೆ ಕೂತವನ ಹಾಗೆ. ಈ ಮನೆಗೆ ಮೊದಲು ಕಾಲಿಟ್ಟವನು ಅವನೇ ಆಗಿದ್ದ, ಬೆಳಿಗ್ಗೆಯಿಂದ ಒಳಗಿದ್ದೂ ಅವನಿಗೆ ಏನೂ ಆಗಿರಲಿಲ್ಲ. ಇನ್ನೂ ಮಧ್ಯಾಹ್ನವಾಗಿರಲಿಲ್ಲ, ಅದೂ ನಿಜ.

"ಉಸಿರು ಬಿಡ್ರಿ" ಎಂದಳು.

ಅವನು ಬಿಟ್ಟ, ಕೆಮ್ಮು ಬರಲಿಲ್ಲ. ಅವಳು ಕೊಡ ಸರಿಮಾಡಿಕೊಂಡು ಒಳಗೆ ಹೋದಳು.